ದುಡ್ಡಿಲ್ಲದೆ ಪ್ರವಾಸಿಗರನ್ನು ಮನೆಯಲ್ಲಿ ಉಳಿಸಿಕೊಳ್ಳುವುದು: ಹೊಸನಗರ ಕಡೆಯ ಹಳ್ಳಿ ಮನೆಗೆ ಇದು ಆಗುತ್ತಾ?

ತೋಟದಮನೆ:
ಎಲ್ಲರಿಗೂ ನಮಸ್ಕಾರ. ಹೊಸನಗರ ತಾಲ್ಲೂಕಿನಲ್ಲಿ, ನಗರ ಅನ್ನುವ ಊರಿನ ಕೋಟೆಯಿಂದ ಸ್ವಲ್ಪ ಒಳಗೆ ನಮ್ಮ ಮನೆ. ಅಡಿಕೆ ತೋಟ, ಹಳೇ ಹೆಂಚಿನ ಮನೆ, ಮುಂದೆ ದೊಡ್ಡ ಜಗಲಿ. ಅಪ್ಪಯ್ಯ, ಅಮ್ಮ, ನಾನು, ಮೂರೇ ಜನ. ಅಕ್ಕ ಮದುವೆಯಾಗಿ ಹೋದ ಮೇಲೆ ಮಹಡಿಯ ಕೋಣೆ ಖಾಲಿ ಬಿದ್ದಿದೆ. ಕೌಚ್‌ಸರ್ಫಿಂಗ್ ಅನ್ನುವ ವೆಬ್‌ಸೈಟಿನಲ್ಲಿ ಹೆಸರು ಹಾಕಿ, ಈ ಕಡೆ ಬರುವ ಪ್ರವಾಸಿಗರನ್ನು ದುಡ್ಡು ತಗೊಳ್ಳದೆ ಉಳಿಸಿಕೊಳ್ಳಬೇಕು ಅಂತ ನನ್ನ ಆಸೆ. ಬೆಂಗಳೂರಿನಲ್ಲಿ ಕೆಲಸದಲ್ಲಿದ್ದಾಗ ನಾನೂ ಬೇರೆ ಬೇರೆ ಊರುಗಳಲ್ಲಿ ಹೀಗೆ ಗುರುತಿಲ್ಲದವರ ಮನೆಯಲ್ಲಿ ಉಳಿದಿದ್ದೇನೆ. ಅವರು ತೋರಿಸಿದ ಪ್ರೀತಿ ಇವತ್ತಿಗೂ ನೆನಪಿದೆ.

ಅಪ್ಪಯ್ಯನಿಗೆ ಹೇಳಿದರೆ, "ಬಂದೋರಿಗೆ ಊಟ ಹಾಕಕ್ಕೆ ವೆಬ್‌ಸೈಟ್ ಯಾಕೆ ಮಾರಾಯ? ದಾರಿ ತಪ್ಪಿ ಬಂದೋರಿಗೆ ನಾವು ಯಾವತ್ತು ಇಲ್ಲ ಅಂದಿದೀವಿ?" ಅಂದರು. ಅಮ್ಮ ಏನೂ ಹೇಳಲಿಲ್ಲ.

ಮಲೆನಾಡಿನ ಹಳ್ಳಿಯಲ್ಲಿ ಇದನ್ನು ಮಾಡಿದವರು ಯಾರಾದರೂ ಇದ್ದೀರಾ? ಪೊಲೀಸರ ತಾಪತ್ರಯ ಇರುತ್ತಾ? ವಿದೇಶದವರು ಬಂದರೆ ಏನು ಮಾಡಬೇಕು?

ಘಾಟಿಸೈಕಲ್:
ಖಂಡಿತ ಮಾಡಿ. ನಾನು ಸೈಕಲ್ ಪ್ರವಾಸ ಮಾಡುವವನು. ನಮ್ಮಂಥವರಿಗೆ ವಾರ್ಮ್‌ಶವರ್ಸ್ ಅಂತ ಬೇರೆಯೇ ಇದೆ, 1993ರಿಂದ ನಡೆಯುತ್ತಿದೆ. ಹೆಸರಿಗೆ ತಕ್ಕ ಹಾಗೆ ಬಿಸಿನೀರಿನ ಸ್ನಾನ, ಮಲಗಲು ಒಂದು ಜಾಗ. ಅಷ್ಟು ಸಿಕ್ಕರೆ ಸಾಕು ನಮಗೆ.

ಒಂದು ಸಲ ಕುಂದಾಪುರದ ಕಡೆಯಿಂದ ಹುಲಿಕಲ್ ಘಾಟಿ ಹತ್ತಿ ಬರುವಾಗ ಮಳೆ ಹಿಡಿದುಕೊಂಡಿತು. ಮೇಲೆ ಮಾಸ್ತಿಕಟ್ಟೆ ಮುಟ್ಟುವಾಗ ಕೈಬೆರಳು ಮಡಚಲು ಬರುತ್ತಿರಲಿಲ್ಲ. ರಸ್ತೆ ಪಕ್ಕದ ಒಂದು ಮನೆಯವರು ಕರೆದು ಬಚ್ಚಲಿಗೆ ಕಳಿಸಿದರು. ಒಲೆ ಮೇಲೆ ತಾಮ್ರದ ಹಂಡೆ, ತುಂಬ ಕುದಿಯುವ ನೀರು. ಅವರು ಯಾವ ವೆಬ್‌ಸೈಟಿನಲ್ಲೂ ಇರಲಿಲ್ಲ. ಇದ್ದಿದ್ದರೆ ನನ್ನಂಥ ಇನ್ನೂ ಎಷ್ಟೋ ಜನಕ್ಕೆ ಉಪಕಾರ ಆಗುತ್ತಿತ್ತು ಅಂತ ಅನ್ನಿಸುತ್ತದೆ.

ಸಾಗರಹೋಂಸ್ಟೇ:
ನಾನು ಇದಕ್ಕೆ ವಿರೋಧ. ನೇರವಾಗಿಯೇ ಹೇಳುತ್ತೇನೆ. ನಾವು ಪ್ರವಾಸೋದ್ಯಮ ಇಲಾಖೆಯಲ್ಲಿ ನೋಂದಣಿ ಮಾಡಿಸಿ, ಪಂಚಾಯಿತಿಗೆ ಅಲೆದು, ಸಾಲ ತೆಗೆದು ನಾಲ್ಕು ಕೋಣೆ ಕಟ್ಟಿದ್ದೇವೆ. ಜೋಗದಲ್ಲಿ ನೀರು ಜೋರಾಗಿರುವ ಆ ಮಳೆಗಾಲದ ತಿಂಗಳುಗಳೇ ನಮಗೆ ಸಂಪಾದನೆ. ಲಕ್ಷಗಟ್ಟಲೆ ಬೈಕ್, ಕ್ಯಾಮೆರಾ ಇಟ್ಟುಕೊಂಡು ಬರುವವರು ಪುಕ್ಕಟೆ ಊಟ, ಪುಕ್ಕಟೆ ಹಾಸಿಗೆ ಹುಡುಕುತ್ತಾರೆ. ಇದರಿಂದ ಊರಿಗೆ ಏನು ಬಂತು?

ಘಾಟಿಸೈಕಲ್:
@ಸಾಗರಹೋಂಸ್ಟೇ ಅಣ್ಣ, ನಿಮ್ಮಲ್ಲಿಗೆ ಬರುವವರು ಸಂಸಾರ ಸಮೇತ ಬಂದು, ಕ್ಯಾಂಪ್‌ಫೈರ್ ಕೇಳುವವರು. ಇಲ್ಲಿಗೆ ಬರುವವರು ಬೇರೆ. ಅವರು ಮನೆಯವರ ಜೊತೆ ಕೂತು ಮಾತಾಡಬೇಕು, ಇವರು ಹೇಗೆ ಬದುಕುತ್ತಾರೆ ಅಂತ ನೋಡಬೇಕು ಅಂತ ಬರುತ್ತಾರೆ.

ಸಾಗರಹೋಂಸ್ಟೇ:
ಎಲ್ಲರೂ ಹಾಗೇ ಹೇಳುತ್ತಾರೆ. ವಾರಾಂತ್ಯಕ್ಕೆ ಬಂದವರು ಎಷ್ಟು ಮಾತಾಡುತ್ತಾರೆ ಅಂತ ನಾನು ನೋಡಿಲ್ಲವಾ?

ತುಂಗೆಯದಂಡೆ:
ಯಾರೂ ಒಂದು ಸಾಲು ಗಮನಿಸಲಿಲ್ಲ. "ಅಮ್ಮ ಏನೂ ಹೇಳಲಿಲ್ಲ." ಅಲ್ಲೇ ಇರುವುದು ವಿಷಯ.

ನಾನು ತೀರ್ಥಹಳ್ಳಿಯವಳು. ನಮ್ಮದು ನೆಂಟರಿಷ್ಟರು ಬಂದು ಹೋಗುವ ಮನೆ. ಅಪ್ಪ ಜಗಲಿಯಲ್ಲಿ ಕೂತು "ಬನ್ನಿ ಬನ್ನಿ, ಊಟ ಮಾಡ್ಕೊಂಡೇ ಹೋಗಿ" ಅನ್ನುತ್ತಿದ್ದರು. ಊರೆಲ್ಲ ಅಪ್ಪನನ್ನು ಹೊಗಳುತ್ತಿತ್ತು. ಒಳಗೆ ಅಮ್ಮ ಆಗತಾನೆ ಪಾತ್ರೆ ತೊಳೆದಿಟ್ಟು ಸೊಂಟ ನೆಟ್ಟಗೆ ಮಾಡುತ್ತಿದ್ದಳು. ಮತ್ತೆ ಒಲೆ ಹಚ್ಚಬೇಕು, ಮತ್ತೆ ಕಾಯಿ ತುರಿಯಬೇಕು. ಮಳೆಗಾಲದಲ್ಲಂತೂ ಕೇಳಬೇಡಿ. ಬಂದವರು ಒಂದು ರಾತ್ರಿ ಹೊದ್ದ ಹಾಸಿಗೆ ಬಟ್ಟೆ ಒಗೆದರೆ ನಾಲ್ಕು ದಿನಕ್ಕೂ ಒಣಗಲ್ಲ. ಬಚ್ಚಲ ಒಲೆ ಮೇಲೆ ಹಗ್ಗ ಕಟ್ಟಿ ಹರವುತ್ತಿದ್ದೆವು. ಒಂದು ಮಗ್ಗುಲು ಒಣಗುವಾಗ ಇನ್ನೊಂದು ಮಗ್ಗುಲು ತಣ್ಣಗೆ ಒದ್ದೆ. ತಿರುಗಿಸಿ ಹಾಕಬೇಕು. ಪೂರ್ತಿ ಒಣಗುವ ಹೊತ್ತಿಗೆ ಹೊಗೆ ವಾಸನೆ ಹಿಡಿದು, ಮತ್ತೆ ಒಗೆಯಬೇಕೋ ಬೇಡವೋ ಅಂತ ಅಮ್ಮ ಮೂಗಿಗೆ ಹಿಡಿದು ನೋಡುತ್ತಿದ್ದಳು.

ಪುಕ್ಕಟೆ ಅಂತ ಒಂದು ಇಲ್ಲ. ಬಂದವರು ಕೊಡದ ದುಡ್ಡನ್ನು ಮನೆಯ ಹೆಂಗಸು ತನ್ನ ಮೈಯಿಂದ ಕೊಡುತ್ತಾಳೆ. ನೀವು ಬೇರೆ ಮನೆಗಳಲ್ಲಿ ಉಳಿದಾಗ ಅಡುಗೆ ಯಾರು ಮಾಡಿದರು? ಹೇಳಿ ನೋಡೋಣ.

ಕೊಟ್ಟಿಗೆಹಾರ_ಚಾ:
+1. ಇದನ್ನು ಎಲ್ಲ ಗಂಡಸರೂ ಓದಬೇಕು.

ಹಳೇಶಾಲೆಮೇಷ್ಟ್ರು:
ತಂಗಿ ಹೇಳಿದ್ದು ಸತ್ಯ. ಆದರೂ ಅತಿಥಿಗಳನ್ನು ನೋಡಿಕೊಳ್ಳುವುದು ನಮ್ಮ ಮಣ್ಣಿನ ಗುಣ ಅಲ್ಲವೇ? ಬಿಸಿಲಲ್ಲಿ ಬಂದವರಿಗೆ ಕೈಕಾಲಿಗೆ ನೀರು, ಬಾಯಾರಿಕೆಗೆ ಬೆಲ್ಲ-ನೀರು. ಆಮೇಲೇ ಮಾತು. ಹೊರನಾಡಿನಲ್ಲಿ, ಶೃಂಗೇರಿಯಲ್ಲಿ ಬಂದವರಿಗೆಲ್ಲ ಊಟ ಹಾಕುತ್ತಾರೆ, ಯಾರಾದರೂ ದುಡ್ಡು ಕೇಳುತ್ತಾರಾ? ಆಗುಂಬೆಯ ದೊಡ್ಡಮನೆ ನೋಡಿ. ಶಂಕರ್‌ನಾಗ್ "ಮಾಲ್ಗುಡಿ ಡೇಸ್" ಧಾರಾವಾಹಿಯ ಚಿತ್ರೀಕರಣ ಮಾಡಿದ ಮನೆ. ದರ ಇಷ್ಟು ಅಂತ ಹೇಳದೆ ಎಷ್ಟು ಜನರನ್ನು ಉಳಿಸಿಕೊಂಡು ಊಟ ಹಾಕಿದ ಮನೆ ಅದು!

ತುಂಗೆಯದಂಡೆ:
ಮೇಷ್ಟ್ರೇ, ಹೊರನಾಡಿನಲ್ಲಿ ಅಡುಗೆ ಮಾಡಲು ಸಂಬಳದ ಜನ ಇದ್ದಾರೆ. ಮನೆಯಲ್ಲಿ ಯಾರಿದ್ದಾರೆ?

ಅಂಗಳದಾಚೆ:
ಮೇಷ್ಟ್ರ ಮಾತಿಗೆ ನನ್ನದೂ ಒಂದು ಸೇರಿಸುತ್ತೇನೆ. ನೋವಾದರೆ ಆಗಲಿ, ಹೇಳಲೇಬೇಕು. "ಯಾರು ಬಂದರೂ ಇಲ್ಲ ಅಂದಿಲ್ಲ" ಅನ್ನುವ ಮಾತು ಎಲ್ಲರ ಪಾಲಿಗೂ ನಿಜ ಅಲ್ಲ. ನಮ್ಮಪ್ಪ ಕೊನೆ ಕೊಯ್ಲಿಗೆ, ಅಂದರೆ ಅಡಿಕೆ ಗೊನೆ ಕೊಯ್ಯಲು, ಹೋಗುತ್ತಿದ್ದ ಮನೆಗಳಲ್ಲಿ ಜಗಲಿ ಇತ್ತು, ಆದರೆ ನಮಗೆ ಅಂಗಳ. ಊಟ ಹಾಕುತ್ತಿದ್ದರು, ಇಲ್ಲ ಅನ್ನಲ್ಲ. ಬಾಳೆ ಎಲೆ ನಾವೇ ತಂದುಕೊಂಡು, ಅಂಗಳದ ತುದಿಯಲ್ಲಿ ಕೂತು ಉಂಡು, ಎಲೆ ನಾವೇ ಎತ್ತಿ, ಕೂತ ಜಾಗಕ್ಕೆ ಸಗಣಿ ಹಾಕಿ ಬರಬೇಕಿತ್ತು. ದಾರಿಯಲ್ಲಿ ಬಂದವರನ್ನು ಒಳಗೆ ಕರೆಯುವ ಮೊದಲು "ಯಾವ ಊರು?" ಅಂತ ಕೇಳಿ, ಅದರ ಹಿಂದೆಯೇ "ಯಾವ ಜನ?" ಅಂತ ಕೇಳುತ್ತಿದ್ದರು.

@ತೋಟದಮನೆ, ಆ ವೆಬ್‌ಸೈಟಿನಲ್ಲಿ ಬರುವವರ ಹೆಸರು ಇರುತ್ತದೆ, ಫೋಟೋ ಇರುತ್ತದೆ, ಜಾತಿ ಇರಲ್ಲ. ನಾಳೆ ರಾಯಚೂರಿನಿಂದ ಒಬ್ಬ ಹುಡುಗ ಬರುತ್ತಾನೆ. ಊಟಕ್ಕೆ ಕೂತಾಗ ನಿಮ್ಮ ಅಪ್ಪಯ್ಯ ಆ ಪ್ರಶ್ನೆ ಕೇಳಿದರೆ ಏನು ಮಾಡುತ್ತೀರಿ? ಆ ಹುಡುಗನಿಗೆ ಅವಮಾನ ಆದ ಮೇಲೆ ಯೋಚನೆ ಮಾಡಿ ಪ್ರಯೋಜನ ಇಲ್ಲ. ಮೊದಲೇ ಮನೆಯಲ್ಲಿ ಮಾತಾಡಿ.

ಹಳೇಶಾಲೆಮೇಷ್ಟ್ರು:
ನೀವು ಹೇಳಿದ್ದನ್ನು ನಾನೂ ಕಣ್ಣಾರೆ ನೋಡಿದ್ದೇನೆ. ಈಗ ಎಷ್ಟೋ ಬದಲಾಗಿದೆ.

ಅಂಗಳದಾಚೆ:
ಪೇಟೆಯಲ್ಲಿ ಬದಲಾಗಿದೆ. ಅಡುಗೆಮನೆ ಬಾಗಿಲಲ್ಲಿ ಎಷ್ಟು ಬದಲಾಗಿದೆ ಅಂತ ಅವರವರೇ ನೋಡಿಕೊಳ್ಳಬೇಕು.

ಕಚೇರಿಕೆಲಸ:
ಕೇಳಿದ ಪ್ರಶ್ನೆಗೆ ಉತ್ತರ ಕೊಡುತ್ತೇನೆ. ವಿದೇಶದವರನ್ನು ಉಳಿಸಿಕೊಂಡರೆ ಅವರ ವಿವರ ಸರ್ಕಾರಕ್ಕೆ ತಿಳಿಸುವುದು ಕಡ್ಡಾಯ, ಅದಕ್ಕೆ ಫಾರ್ಮ್ ಸಿ ಅನ್ನುತ್ತಾರೆ. ಬಂದ 24 ಗಂಟೆಯ ಒಳಗೆ ಆನ್‌ಲೈನ್‌ನಲ್ಲಿ ತುಂಬಬೇಕು. ಇದು ಲಾಡ್ಜಿಗೆ ಮಾತ್ರ ಅಂತ ತುಂಬಾ ಜನ ತಿಳಿದಿದ್ದಾರೆ. ಹಾಗಲ್ಲ, ಧರ್ಮಶಾಲೆ, ಹಾಸ್ಟೆಲ್, ಸ್ವಂತ ಮನೆ ಎಲ್ಲಕ್ಕೂ ಇದೆ. ದುಡ್ಡು ತಗೊಂಡಿಲ್ಲ ಅಂದ ಮಾತ್ರಕ್ಕೆ ತಪ್ಪಿಸಿಕೊಳ್ಳುವ ಹಾಗಿಲ್ಲ. ಮೊದಲು ಪೋರ್ಟಲ್‌ನಲ್ಲಿ ಮನೆಯ ಹೆಸರಿನಲ್ಲಿ ಖಾತೆ ತೆರೆಯಬೇಕು. ಅದಕ್ಕೆ ಎಫ್‌ಆರ್‌ಒ, ಅಂದರೆ ವಿದೇಶಿಯರ ನೋಂದಣಿ ಅಧಿಕಾರಿಯ ಒಪ್ಪಿಗೆ ಬೇಕು. ನಮ್ಮಂಥ ಜಿಲ್ಲೆಗಳಲ್ಲಿ ಎಫ್‌ಆರ್‌ಒ ಅಂದರೆ ಎಸ್‌ಪಿ ಕಚೇರಿ. ಆದ್ದರಿಂದ ಅತಿಥಿ ಬಸ್ಸಿಳಿದ ಮೇಲೆ ಖಾತೆ ತೆರೆಯೋಣ ಅಂದರೆ ಆಗಲ್ಲ, ಮುಂಚೆಯೇ ಮಾಡಿಟ್ಟುಕೊಳ್ಳಿ. ಪಾಸ್‌ಪೋರ್ಟ್, ವೀಸಾ ಪುಟಗಳ ಫೋಟೋ ತೆಗೆದಿಡಿ.

1946ರ ವಿದೇಶಿಯರ ಕಾಯ್ದೆ ಹೋಗಿ, 2025ರ ಸೆಪ್ಟೆಂಬರ್ 1ರಿಂದ ಹೊಸ ಕಾಯ್ದೆ ಬಂದಿದೆ. ತಿಳಿಸುವ ಜವಾಬ್ದಾರಿ ಮಾತ್ರ ಹಾಗೇ ಉಳಿದಿದೆ. ನಮ್ಮ ದೇಶದವರಿಗೆ ಫಾರ್ಮ್ ಸಿ ಇಲ್ಲ. ಆದರೂ ಒಂದು ಗುರುತಿನ ಚೀಟಿ ನೋಡಿ, ಪುಸ್ತಕದಲ್ಲಿ ಹೆಸರು ಬರೆದಿಡುವುದು ಒಳ್ಳೆಯದು.

ಸಾಗರಹೋಂಸ್ಟೇ:
ಇದಕ್ಕೆ ನನ್ನದೊಂದು ಮಾತು. ಮೇಷ್ಟ್ರು ಹೇಳಿದ ಮನೆಯ ಹಾಗೆ ದರ ಹೇಳದೆ, "ಇಷ್ಟ ಬಂದಷ್ಟು ಕೊಡಿ" ಅಂತ ಹುಂಡಿ ಇಡಬೇಡಿ. ದುಡ್ಡು ಕೈಗೆ ಬಂದರೆ ಅದು ಹೋಂಸ್ಟೇ ಆಯಿತು, ನೋಂದಣಿ ಕೇಳುತ್ತಾರೆ. ಆ ವೆಬ್‌ಸೈಟಿನ ನಿಯಮದಲ್ಲೂ ಉಳಿದದ್ದಕ್ಕೆ ದುಡ್ಡು ಕೇಳುವಂತಿಲ್ಲ. ಮಾಡುವುದಾದರೆ ಪೂರ್ತಿ ಪುಕ್ಕಟೆ ಮಾಡಿ, ಇಲ್ಲ ಅಂದರೆ ನಮ್ಮ ಹಾಗೆ ನೋಂದಣಿ ಮಾಡಿಸಿ. ನಡುವೆ ನಿಲ್ಲಬೇಡಿ.

ಕಚೇರಿಕೆಲಸ:
@ಸಾಗರಹೋಂಸ್ಟೇ ಸರಿಯಾಗಿ ಹೇಳಿದಿರಿ.

ತುಮರಿಕಡೆ:
ವಿಷಯ ಸ್ವಲ್ಪ ಆ ಕಡೆ ಹೋದರೂ ಹೇಳುತ್ತೇನೆ. ನಮ್ಮದು ಶರಾವತಿ ಹಿನ್ನೀರಿನ ಆಚೆ ದಡ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಆದ ಮೇಲೆ ನಾವು ನೀರಿನ ನಡುವೆ ಸಿಕ್ಕಿಹಾಕಿಕೊಂಡವರು. ಸಾಗರಕ್ಕೆ ಹೋಗಬೇಕು ಅಂದರೆ ಲಾಂಚ್. ಸಂಜೆ ಕೊನೆಯ ಲಾಂಚ್ ಹೋಯಿತು ಅಂದರೆ ಮುಗಿಯಿತು. ಸಿಗಂದೂರು ದೇವಸ್ಥಾನಕ್ಕೆ ಬಂದವರು, ವ್ಯಾಪಾರಕ್ಕೆ ಬಂದವರು, ದಡದಲ್ಲಿ ನಿಂತು ಆಚೆ ನೋಡುತ್ತಿದ್ದರು. ಕತ್ತಲಾದ ಮೇಲೆ ಒಬ್ಬೊಬ್ಬರೇ ಮನೆ ಬಾಗಿಲಿಗೆ ಬರುತ್ತಿದ್ದರು. ಚಾಪೆ ಹಾಸಿ ಮಲಗಿಸುತ್ತಿದ್ದೆವು. ಮಕ್ಕಳಾದ ನಮಗೆ ಅವರು ಹೇಳುವ ದೂರದೂರಿನ ಸುದ್ದಿಯೇ ದೊಡ್ಡ ಖುಷಿ.

2025ರ ಜುಲೈನಲ್ಲಿ ಸೇತುವೆ ಆಯಿತು. ಎರಡೂವರೆ ಕಿಲೋಮೀಟರ್ ಹತ್ತಿರ ಉದ್ದ. ಆಸ್ಪತ್ರೆಗೆ, ಕಾಲೇಜಿಗೆ ಹೋಗುವವರು ಈಗ ಲಾಂಚಿಗೆ ಕಾಯಬೇಕಾಗಿಲ್ಲ. ಎಷ್ಟು ವರ್ಷದ ಹೋರಾಟ ಅದು! ಕಾರುಗಳು ಬರ್ರೆಂದು ಬಂದು ಬರ್ರೆಂದು ಹೋಗುತ್ತವೆ. ಮನೆಗೆ ಬರುವವರು ಮಾತ್ರ ಯಾರೂ ಇಲ್ಲ.

ಕೊಟ್ಟಿಗೆಹಾರ_ಚಾ:
ಲಾಂಚಿನಲ್ಲಿ ಬಸ್ಸು, ಜೀಪು, ಜನ ಎಲ್ಲ ಒಟ್ಟಿಗೆ ತೇಲುತ್ತಿದ್ದದ್ದು ನೆನಪಾಯಿತು. ಸೇತುವೆ ಬಂದದ್ದು ಒಳ್ಳೆಯದೇ. ಮಳೆಗಾಲದಲ್ಲಿ ಗರ್ಭಿಣಿಯರನ್ನು ದಾಟಿಸುವ ಕಷ್ಟ ಅಲ್ಲಿಯವರಿಗೇ ಗೊತ್ತು.

ತುಮರಿಕಡೆ:
ಸೇತುವೆ ಬೇಡ ಅಂತ ನಾನು ಹೇಳೇ ಇಲ್ಲ! ನಮ್ಮತ್ತಿಗೆಯನ್ನು ರಾತ್ರಿ ದಾಟಿಸಿದವರು ನಾವು.

ಓದುವಹುಚ್ಚು:
ಹೀಗೆ ಗುರುತಿಲ್ಲದವರನ್ನು ಪುಕ್ಕಟೆ ಉಳಿಸಿಕೊಳ್ಳುವುದು ಇಂಟರ್ನೆಟ್ ಬಂದ ಮೇಲೆ ಹುಟ್ಟಿದ್ದಲ್ಲ. ಎರಡನೇ ಮಹಾಯುದ್ಧ ಮುಗಿದ ಮೇಲೆ 1949ರಲ್ಲಿ ಡೆನ್ಮಾರ್ಕ್‌ನಲ್ಲಿ ಸರ್ವಾಸ್ ಅಂತ ಶುರುವಾಯಿತು. ಬಾಬ್ ಲ್ಯೂಟ್‌ವೈಲರ್ ಅಂತ ಅಮೆರಿಕದ ಶಾಂತಿವಾದಿ, ಅವರ ಗೆಳೆಯರು ಸೇರಿ ಮಾಡಿದ್ದು. ಒಂದು ದೇಶದವರು ಇನ್ನೊಂದು ದೇಶದವರ ಮನೆಯಲ್ಲಿ ಉಂಡು ಮಲಗಿದರೆ ಯುದ್ಧದ ಮನಸ್ಸು ಕಡಿಮೆಯಾಗುತ್ತದೆ ಅಂತ ಅವರ ನಂಬಿಕೆ. ಸೇರುವವರನ್ನು ಮೊದಲು ಎದುರು ಕೂರಿಸಿ ಮಾತಾಡಿಸುತ್ತಾರೆ. ಆಮೇಲೆ ಪರಿಚಯ ಪತ್ರ ಕೊಡುತ್ತಾರೆ. ಉಳಿಯುವುದು ಸಾಮಾನ್ಯವಾಗಿ ಎರಡು ರಾತ್ರಿ. ಭಾರತದಲ್ಲೂ ಅದರ ಸದಸ್ಯರು ಇದ್ದಾರೆ. @ತೋಟದಮನೆ, ನಿಮ್ಮ ಅಪ್ಪ ಅಮ್ಮನಂಥ ಹಿರಿಯರಿರುವ ಮನೆಗೆ ಇದೇ ಹೆಚ್ಚು ಹೊಂದುತ್ತದೆ ಅಂತ ನನ್ನ ಅಭಿಪ್ರಾಯ.

ಕೌಚ್‌ಸರ್ಫಿಂಗ್ ವೆಬ್‌ಸೈಟ್ ಬಂದದ್ದು 2004ರಲ್ಲಿ. ಅದನ್ನು ಶುರು ಮಾಡಿದವರಲ್ಲಿ ಒಬ್ಬರಾದ ಕೇಸಿ ಫೆಂಟನ್ ಐಸ್‌ಲ್ಯಾಂಡ್‌ಗೆ ಹೋಗುವ ಮೊದಲು ಅಲ್ಲಿಯ ವಿಶ್ವವಿದ್ಯಾಲಯದ 1500ರಷ್ಟು ವಿದ್ಯಾರ್ಥಿಗಳಿಗೆ "ನಿಮ್ಮಲ್ಲಿ ಉಳಿಯಬಹುದಾ?" ಅಂತ ಮೇಲ್ ಕಳಿಸಿದ್ದರು. ಬಂದ ಉತ್ತರಗಳನ್ನು ನೋಡಿ ಈ ಯೋಚನೆ ಹುಟ್ಟಿತು. 2011ರಲ್ಲಿ ಅದು ಲಾಭದ ಕಂಪನಿಯಾಯಿತು. 2020ರ ಮೇ ತಿಂಗಳಲ್ಲಿ, ಕೋವಿಡ್ ಹೊತ್ತಿನಲ್ಲಿ, ಸದಸ್ಯರಿಂದ ಶುಲ್ಕ ಕೇಳಲು ಶುರು ಮಾಡಿತು. ಅತಿಥಿ ಮನೆಯವರಿಗೆ ಕೊಡುವುದು ಬೇಡ, ವೆಬ್‌ಸೈಟಿಗೆ ಕೊಡಬೇಕು ಅನ್ನುವುದು ನನಗೆ ಸರಿ ಕಾಣಲ್ಲ. ಬಿವೆಲ್ಕಮ್, ಟ್ರಸ್ಟ್‌ರೂಟ್ಸ್ ಅಂತ ಲಾಭವಿಲ್ಲದೆ ನಡೆಸುವವು ಇವೆ. ಅವನ್ನೂ ನೋಡಿ.

ಘಾಟಿಸೈಕಲ್:
ಬಿವೆಲ್ಕಮ್ ಚೆನ್ನಾಗಿದೆ. ಆದರೆ ನಮ್ಮ ಕಡೆ ಅದರಲ್ಲಿ ಜನ ತುಂಬಾ ಕಡಿಮೆ.

ಒಂಟಿಚೀಲ:
ನಾನು ಒಬ್ಬಳೇ ತಿರುಗಾಡುವವಳು. ಉಳಿಯುವವರ ಕಡೆಯಿಂದ ಒಂದೆರಡು ಮಾತು. ಮನೆ ಆರಿಸುವಾಗ ನಾನು ಮೊದಲು ನೋಡುವುದು ಅಲ್ಲಿ ಹೆಂಗಸರು ಇದ್ದಾರಾ ಅಂತ. ಆಮೇಲೆ ಹಿಂದೆ ಉಳಿದ ಹೆಂಗಸರು ಏನು ಬರೆದಿದ್ದಾರೆ ಅಂತ ಓದುತ್ತೇನೆ. ಗಂಡಸರು "ಸೂಪರ್ ಹೋಸ್ಟ್" ಅಂತ ಬರೆದದ್ದರಿಂದ ನನಗೆ ಏನೂ ತಿಳಿಯಲ್ಲ. ಬೆಳಕಿರುವಾಗಲೇ ತಲುಪುತ್ತೇನೆ. ಕೋಣೆಗೆ ಒಳಗಿನಿಂದ ಚಿಲಕ ಇದೆಯಾ ಅಂತ ಮೊದಲೇ ಕೇಳುತ್ತೇನೆ. ಕೇಳಿದ್ದಕ್ಕೆ ಬೇಜಾರು ಮಾಡಿಕೊಂಡವರ ಮನೆಗೆ ಹೋಗಲ್ಲ.

@ತೋಟದಮನೆ, ಮಹಡಿ ಕೋಣೆಯ ಚಿಲಕ ಗಟ್ಟಿ ಇದೆಯಾ ನೋಡಿ. ಹಳೇ ಮನೆಗಳಲ್ಲಿ ಅಗುಳಿ ಸವೆದಿರುತ್ತದೆ. ಬಚ್ಚಲು, ಕಕ್ಕಸು ಎಲ್ಲಿದೆ, ರಾತ್ರಿ ಹೊರಗೆ ನಡೆದು ಹೋಗಬೇಕಾ ಅನ್ನುವುದನ್ನು ಸ್ಪಷ್ಟವಾಗಿ ಬರೆಯಿರಿ. ಮೊಬೈಲ್ ಸಿಗ್ನಲ್ ಇಲ್ಲ ಅಂದರೆ ಅದನ್ನೂ ಬರೆಯಿರಿ. ಬಂದ ಮೇಲೆ ಗೊತ್ತಾದರೆ ಹೆದರಿಕೆ ಆಗುತ್ತದೆ.

ತುಂಗೆಯದಂಡೆ ಅಕ್ಕನ ಮಾತಿಗೆ: ನಾನು ಉಳಿದ ಮನೆಗಳಲ್ಲಿ ಹಾಸಿಗೆ ಬಟ್ಟೆ ನನ್ನದೇ ಒಯ್ಯುತ್ತೇನೆ, ಸ್ಲೀಪಿಂಗ್ ಬ್ಯಾಗಿನ ಒಳಗಿನ ತೆಳು ಚೀಲ. ಅದರಿಂದ ಒಗೆಯುವ ಕೆಲಸ ಮನೆಯವರಿಗೆ ಇರಲ್ಲ. ಪಾತ್ರೆ ತೊಳೆಯಲು ಬಿಡದಿದ್ದರೆ ತೆಂಗಿನಕಾಯಿ ತುರಿಯಲು ಕೂರುತ್ತೇನೆ.

ತುಂಗೆಯದಂಡೆ:
@ಒಂಟಿಚೀಲ ನೀವು ನಮ್ಮ ಮನೆಗೆ ಯಾವಾಗ ಬೇಕಾದರೂ ಬನ್ನಿ. ಮನಸಾರೆ ಹೇಳುತ್ತಿದ್ದೇನೆ. ಮಳೆಗಾಲದಲ್ಲಿ ಬಂದರೆ ಪತ್ರೊಡೆ, ಕಳಲೆ ಪಲ್ಯ.

ಶಿಕಾರಿಪುರಬಸ್ಸು:
ಇಂಬಳಕ್ಕೆ (ಜಿಗಣೆಗೆ) ಏನು ಮಾಡುತ್ತೀರಿ? ನಮ್ಮ ಬಯಲುಸೀಮೆ ಗೆಳೆಯರು ಒಂದು ಇಂಬಳ ಕಚ್ಚಿದರೆ ಆಸ್ಪತ್ರೆಗೆ ಹೊರಡುತ್ತಾರೆ.

ಕೊಟ್ಟಿಗೆಹಾರ_ಚಾ:
ಉಪ್ಪು, ಸುಣ್ಣ, ಹೊಗೆಸೊಪ್ಪಿನ ನೀರು. ಕಿತ್ತು ಎಳೆಯಬೇಡಿ ಅಂತ ಹೇಳಿ ಸಾಕು.

ತೋಟದಮನೆ:
ಎಲ್ಲರಿಗೂ ವಂದನೆಗಳು. ತುಂಗೆಯದಂಡೆ ಅವರ ಮಾತು ಓದಿ ಅಮ್ಮನ ಹತ್ತಿರ ಕೂತು ಕೇಳಿದೆ. ಮೊದಲು "ನಿಮಗೆ ಹೇಗೆ ಬೇಕೋ ಹಾಗೆ" ಅಂದರು. ಬಿಡದೆ ಕೇಳಿದ ಮೇಲೆ ಒಂದೊಂದೇ ಹೊರಗೆ ಬಂತು. ಕೊನೆ ಕೊಯ್ಲು ಶುರುವಾದರೆ ಅಡಿಕೆ ಸುಲಿದು, ಬೇಯಿಸಿ, ಒಣಗಿಸಿ ಮುಗಿಯುವವರೆಗೆ ಯಾರೂ ಬೇಡ. ಆಗ ಕೆಲಸದವರಿಗೆ ಅಡುಗೆ ಮಾಡುವುದೇ ಸಾಕಾಗುತ್ತದೆ. ಮಳೆಗಾಲದಲ್ಲೂ ಬೇಡ. ಬೇರೆ ದಿನಗಳಲ್ಲಿ ಒಂದು ಸಲಕ್ಕೆ ಇಬ್ಬರು, ಎರಡು ರಾತ್ರಿ. "ಬೆಳಗಿನ ತಿಂಡಿ ನಾನು ಮಾಡ್ತೀನಿ. ರಾತ್ರಿ ಅಡುಗೆ ನೀನೇ ಮಾಡ್ಬೇಕು, ಪಾತ್ರೆನೂ ನಿಂದೇ" ಅಂದರು. ಒಪ್ಪಿದೆ. ಕೊನೆಗೆ, "ಬಂದೋರು ಅವ್ರೂರಿಂದು ಏನಾದ್ರೂ ಒಂದು ಅಡುಗೆ ಮಾಡಿ ತೋರ್ಸ್ಲಿ. ನಂಗೂ ಕಲ್ತಂಗಾಗ್ತದೆ" ಅಂತಲೂ ಹೇಳಿದರು. ಅಮ್ಮನಿಗೂ ಇದರಲ್ಲಿ ಆಸೆ ಇದೆ ಅಂತ ಆಗ ಗೊತ್ತಾಯಿತು.

ಅದೇ ಮಾತಿನಲ್ಲಿ ಅಂಗಳದಾಚೆ ಅವರ ಪ್ರಶ್ನೆಯೂ ಬಂತು. ಬಂದವರು ಅಡುಗೆ ಮಾಡಬೇಕು ಅಂದರೆ ಅಡುಗೆಮನೆಗೆ ಬರಬೇಕಲ್ಲ. ಯಾರನ್ನೂ ಜಾತಿ ಕೇಳುವುದಿಲ್ಲ ಅಂತ ಅಪ್ಪಯ್ಯ ಒಪ್ಪಿದರು. ಅಡುಗೆಮನೆಯ ವಿಷಯಕ್ಕೆ ಮಾತ್ರ ಇನ್ನೂ ಒಪ್ಪಿಲ್ಲ. ಅಮ್ಮ ನನ್ನ ಕಡೆಗಿದ್ದಾರೆ. ಅಪ್ಪಯ್ಯ ಪೂರ್ತಿ ಒಪ್ಪುವವರೆಗೆ ನಾನು ಎಲ್ಲೂ ಹೆಸರು ಹಾಕಲ್ಲ. ಕರೆದು ಅವಮಾನ ಮಾಡುವುದಕ್ಕಿಂತ ಕರೆಯದೆ ಇರುವುದು ಮೇಲು.

ಅಂಗಳದಾಚೆ:
ಇಷ್ಟು ಮಾಡಿದ್ದು ದೊಡ್ಡದು. ಅಪ್ಪಯ್ಯನ ಹತ್ತಿರ ಜಗಳ ಆಡಬೇಡಿ, ಆದರೆ ಬಿಡಲೂ ಬೇಡಿ. ಒಪ್ಪಿದ ದಿನ ತಿಳಿಸಿ. ಮೊದಲ ಅತಿಥಿಯಾಗಿ ನಾನೇ ಬರುತ್ತೇನೆ, ಮನೆಯವಳನ್ನೂ ಕರೆದುಕೊಂಡು.

ತೋಟದಮನೆ:
ಖಂಡಿತ ಬನ್ನಿ ಅಣ್ಣ.

ಸಾಗರಹೋಂಸ್ಟೇ:
ವರ್ಷದಲ್ಲಿ ಇಷ್ಟು ಕಡಿಮೆ ದಿನ, ಇಬ್ಬರೇ ಅಂದರೆ ನನ್ನ ತಕರಾರು ಇಲ್ಲ. ನಿಮ್ಮಲ್ಲಿ ಜಾಗ ಇಲ್ಲದಾಗ ನಮ್ಮ ಕಡೆ ಕಳಿಸಿ. ಎಸ್‌ಪಿ ಕಚೇರಿಯಲ್ಲಿ ಫಾರ್ಮ್ ಸಿ ಖಾತೆ ಮಾಡಿಸುವುದನ್ನು ನಾನು ಹೇಳಿಕೊಡುತ್ತೇನೆ, ನನಗೆ ಅಭ್ಯಾಸ ಇದೆ.

ಸೊರಬದನರ್ಸ್:
ತಡವಾಗಿ ಓದಿದೆ. ಇಂಬಳದ ಬಗ್ಗೆ ಎಲ್ಲರೂ ಮಾತಾಡಿದಿರಿ, ಮೈಗೆ ಕಚ್ಚಿಕೊಳ್ಳುವ ಉಣ್ಣೆ ಹುಳದ (ಉಣುಗಿನ) ಬಗ್ಗೆ ಒಬ್ಬರೂ ಹೇಳಲಿಲ್ಲ. ಕೊಯ್ಲು, ಮಳೆಗಾಲ ಎರಡೂ ಬಿಟ್ಟರೆ ನಿಮಗೆ ಉಳಿಯುವುದು ಹೆಚ್ಚಾಗಿ ಬೇಸಿಗೆ. ಉಣ್ಣೆ ಕಚ್ಚಿ ಹರಡುವ ಮಂಗನ ಕಾಯಿಲೆ ಬರುವುದೂ ಅದೇ ಹೊತ್ತಿಗೆ, ಡಿಸೆಂಬರ್‌ನಿಂದ ಮೇವರೆಗೆ. 1957ರಲ್ಲಿ ಇದು ಮೊದಲು ಗೊತ್ತಾದದ್ದೇ ನಮ್ಮ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ. ಹೊಸನಗರ, ತೀರ್ಥಹಳ್ಳಿ, ಸಾಗರ ಯಾವುದೂ ಇದರಿಂದ ತಪ್ಪಿಸಿಕೊಂಡಿಲ್ಲ. ಪೇಟೆಯಿಂದ ಬಂದವರಿಗೆ ಇದರ ಹೆಸರೂ ಗೊತ್ತಿರಲ್ಲ. ಚಡ್ಡಿ ಹಾಕಿಕೊಂಡು ಸೊಪ್ಪಿನ ಬೆಟ್ಟಕ್ಕೆ ನುಗ್ಗುತ್ತಾರೆ, ತರಗೆಲೆ ಮೇಲೆ ಕೂರುತ್ತಾರೆ.

ಅವರು ಕಾಡಿಗೆ ಹೊರಡುವ ಮೊದಲು ಕೈಕಾಲಿಗೆ ಉಣ್ಣೆ ಹತ್ತದಂತೆ ತಡೆಯುವ ಡೆಪಾ ತೈಲ ಹಚ್ಚಿಸಿ. ಆರೋಗ್ಯ ಇಲಾಖೆಯವರು ಕೊಡುತ್ತಾರೆ, ಆಶಾ ಕಾರ್ಯಕರ್ತೆಯನ್ನು ಕೇಳಿ. ಮೈತುಂಬ ಬಟ್ಟೆ ಇರಲಿ. ವಾಪಸ್ ಬಂದ ಕೂಡಲೇ ಬಿಸಿನೀರು, ಸೋಪು ಹಾಕಿ ಸ್ನಾನ, ಹಾಕಿದ್ದ ಬಟ್ಟೆ ಬಿಸಿನೀರಿಗೆ. ಎಲ್ಲಾದರೂ ಮಂಗ ಸತ್ತು ಬಿದ್ದಿದ್ದರೆ ಹತ್ತಿರ ಹೋಗಬಾರದು, ಆಸ್ಪತ್ರೆಗೆ ತಿಳಿಸಬೇಕು. ಊರಿಗೆ ಹೋದ ಮೇಲೆ ಒಂದೆರಡು ವಾರದಲ್ಲಿ ಜ್ವರ, ವಿಪರೀತ ಮೈಕೈ ನೋವು ಬಂದರೆ "ಮಲೆನಾಡಿನ ಕಾಡಿಗೆ ಹೋಗಿದ್ದೆ" ಅಂತ ಡಾಕ್ಟರಿಗೆ ಹೇಳಲು ತಿಳಿಸಿ. ಅಲ್ಲಿಯ ಡಾಕ್ಟರಿಗೆ ತಾನಾಗಿ ಹೊಳೆಯಲ್ಲ.

ಒಂಟಿಚೀಲ:
ಇದು ನನಗೆ ಗೊತ್ತೇ ಇರಲಿಲ್ಲ. ಮುಂದಿನ ತಿಂಗಳು ತೀರ್ಥಹಳ್ಳಿ ಕಡೆ ಬರುವವಳಿದ್ದೇನೆ. ಕವಲೇದುರ್ಗ ಹತ್ತುವುದಕ್ಕೂ ಈ ತೈಲ ಬೇಕಾ?

ಸೊರಬದನರ್ಸ್:
ಕೋಟೆಗೆ ಹೋಗುವ ಕಲ್ಲಿನ ದಾರಿಯಲ್ಲೇ ನಡೆದರೆ ಅಪಾಯ ಕಡಿಮೆ. ಪಕ್ಕದ ಕಾಡಿಗೆ ಇಳಿಯುವುದಾದರೆ ಬೇಕೇ ಬೇಕು. ಹೇಗಿದ್ದರೂ ಹಚ್ಚಿಕೊಂಡೇ ಹೋಗಿ.

ತುಂಗೆಯದಂಡೆ:
@ಒಂಟಿಚೀಲ ನಮ್ಮ ಮನೆಯಲ್ಲಿ ಒಂದು ಬಾಟಲಿ ಇದೆ. ಬರುವ ಹಿಂದಿನ ದಿನ ಇಲ್ಲೇ ಸಂದೇಶ ಹಾಕಿ, ಪೇಟೆಯಿಂದ ಯಾವ ಬಸ್ಸು ಹತ್ತಬೇಕು ಅಂತ ಹೇಳುತ್ತೇನೆ.